ಇಮಾಮಬಿಯ ಬಿಲ್ಲೆ

ನಮ್ಮೂರಿನಲ್ಲಿ ಮೆಟ್ಟಿಲ ಮೇಲೆ ನಿಂತು ಯಾರೂ ಅಂಕಿ ಹೇಳುವುದಿಲ್ಲ. ಮೆಟ್ಟಿಲ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಬಾಳೆಹಣ್ಣಿನವಳು ಎಷ್ಟು ಬೇಕೆಂದು ಬೆರಳೆತ್ತಿ ಕೇಳುತ್ತಾಳೆ, ಕೊಳ್ಳುವವರೂ ಬೆರಳಿನಲ್ಲೇ ಹೇಳುತ್ತಾರೆ. ಶಾಲೆಯಿಂದ ಮಗ್ಗಿ ಗುನುಗುತ್ತ ಬರುವ ಮಕ್ಕಳು ಮೊದಲ ಮೆಟ್ಟಿಲಿಗೆ ಕಾಲಿಟ್ಟ ಕೂಡಲೇ ಬಾಯಿ ಮುಚ್ಚುತ್ತಾರೆ, ಮೇಲೆ ಹೋದ ಮೇಲೆ ಬಿಟ್ಟ ಕಡೆಯಿಂದ ಶುರು ಮಾಡುತ್ತಾರೆ. ಅಲ್ಲಿ ಅಂಕಿ ಹೇಳುವ ಹಕ್ಕು ಬಿಲ್ಲೆ ಇದ್ದವರಿಗೆ ಮಾತ್ರ.

ಊರು ಗುಡ್ಡದ ಮೈಮೇಲಿದೆ. ಓಣಿಯಿಂದ ಓಣಿಗೆ ಹೋಗಲು ಹನ್ನೊಂದು ಕಡೆ ಕಲ್ಲಿನ ಮೆಟ್ಟಿಲ ಸಾಲುಗಳಿವೆ. ಬೆಳಗಾಗುವಷ್ಟರಲ್ಲಿ ಯಾವುದೋ ಸಾಲಿನಲ್ಲಿ ಎರಡು ಮೆಟ್ಟಿಲು ಹೆಚ್ಚಾಗಿರುತ್ತವೆ, ಇನ್ಯಾವುದರಲ್ಲೋ ಒಂದು ಕಡಿಮೆಯಾಗಿರುತ್ತದೆ. ಕಣ್ಣಿದ್ದವರಿಗೆ ಇದರಿಂದ ಅಂಥ ತೊಂದರೆಯೇನೂ ಇಲ್ಲ. ಮಂಡಿನೋವಿನ ಮುದುಕರು ಎದ್ದ ಕೂಡಲೇ "ಇವತ್ತ ಬಾವಿ ಮೆಟ್ಟಲ ಬೆಳದಾವು" ಎಂದು ಗೊಣಗುತ್ತಾರೆ, ಬೇರೆ ಊರಿನವರು ಸೆಕೆಯ ಬಗ್ಗೆ ಗೊಣಗುವ ಹಾಗೆ. ಕಣ್ಣಿಲ್ಲದವರ ಮಾತು ಬೇರೆ. ಒಟ್ಟು ಎಷ್ಟೆಂದು ಬುಡದಲ್ಲೇ ತಿಳಿದುಬಿಟ್ಟರೆ ಅವರು ಯಾರ ಕೈಯನ್ನೂ ಹಿಡಿಯದೆ ತಮ್ಮ ಪಾಡಿಗೆ ತಾವು ಹತ್ತಬಲ್ಲರು. ತಿಳಿಯದಿದ್ದರೆ ಪ್ರತಿ ಮೆಟ್ಟಿಲೂ ಕೊನೆಯದಿರಬಹುದೆಂಬ ಅಂಜಿಕೆಯಲ್ಲಿ ಹತ್ತಬೇಕು. ಬದಲಾಗದ ದಿನವೂ ಬದಲಾಗಿಲ್ಲವೆಂದು ಯಾರಾದರೂ ನೋಡಿ ಹೇಳಬೇಕು.

ಅದಕ್ಕಾಗಿಯೇ ನಮ್ಮಲ್ಲಿ ಜತೆಗಾರರಿದ್ದಾರೆ. ಇವರನ್ನು ಊರಿನ ಮೆಟ್ಟಿಲು ಕಚೇರಿ ಗುತ್ತಿಗೆಯ ಮೇಲೆ ತೆಗೆದುಕೊಳ್ಳುತ್ತದೆ. ಜತೆಗಾರರಾಗಲು ಕಣ್ಣಿನ ಡಾಕ್ಟರರ ಪತ್ರ ಬೇಕು, ಇಬ್ಬರು ಗೃಹಸ್ಥರು ಬರೆದುಕೊಟ್ಟ ನಡತೆ ಪತ್ರ ಬೇಕು, ಈವರೆಗೆ ತಮ್ಮ ಕೈಯಿಂದ ಯಾರೂ ಬಿದ್ದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು. ಎಲ್ಲ ಸರಿಯಿದ್ದರೆ ಒಂದು ಹಿತ್ತಾಳೆಯ ಬಿಲ್ಲೆ, ಒಂದು ಪುಸ್ತಕ. ಆಮೇಲೆ ಪ್ರತಿದಿನ ತಮ್ಮ ದಾರಿಯ ಮೆಟ್ಟಿಲು ಎಣಿಸಿಕೊಂಡು ಏಳು ಗಂಟೆಗೆ ಕಚೇರಿಗೆ ಬಂದು ಅಂಕಿ ಒಪ್ಪಿಸಬೇಕು. ಅದು ಕಚೇರಿಯ ಎಣಿಕೆ ವಹಿಯಲ್ಲಿರುವ ಅಂಕಿಗೆ ಹೊಂದಿದರೆ ಪುಸ್ತಕಕ್ಕೆ ಆ ದಿನದ ಮೊಹರು ಬೀಳುತ್ತದೆ. ಹೊಂದದಿದ್ದರೆ ಕೆಂಪು ಶಾಯಿಯಲ್ಲಿ 'ತಪ್ಪು' ಎಂದು ಬರೆಯುತ್ತಾರೆ, ಆ ದಿನ ಜತೆಗಾರರು ವಹಿಯ ಅಂಕಿಯನ್ನೇ ಹೇಳಬೇಕು. ವರ್ಷದೊಳಗೆ ಮೂರು ತಪ್ಪು ಬಿದ್ದರೆ ಬಿಲ್ಲೆ ವಾಪಸು.

ಆ ವಹಿ ಬರೆಯುತ್ತಿದ್ದವನು ನಾನು. ತತ್ವಶಾಸ್ತ್ರದಲ್ಲಿ ಬಿ.ಎ. ಮಾಡಿದವನಿಗೆ ಬೇರೆ ಎಲ್ಲೂ ಕೆಲಸ ಸಿಗದಿದ್ದಾಗ ಸಿಕ್ಕ ಕೆಲಸ. ನನಗಿಂತ ಮೊದಲಿದ್ದ ಎಣಿಕೆದಾರ ರಾಚಯ್ಯ ನಿವೃತ್ತರಾಗುವಾಗ ವಹಿ, ಶಾಯಿ ದೌತಿ, ಕಪಾಟಿನ ಕೀಲಿ ನನ್ನ ಕೈಗಿಟ್ಟು, "ಏನೂ ಓದಬ್ಯಾಡ್ರಿ, ಏನೂ ವಿಚಾರ ಮಾಡಬ್ಯಾಡ್ರಿ. ಹತ್ರಿ, ಇಳೀರಿ, ಬರೀರಿ. ಅಷ್ಟ" ಎಂದಿದ್ದರು. ಊರಿನವರು ನನ್ನನ್ನು ಬಿ.ಎ. ಸಾಹೇಬ್ರು ಎಂದು ಕರೆಯತೊಡಗಿದರು. ಅದರಲ್ಲಿ ಗೌರವವೆಷ್ಟು, ಚೇಷ್ಟೆಯೆಷ್ಟು ಎಂದು ನಾನು ಬೇರ್ಪಡಿಸಲು ಹೋಗಲಿಲ್ಲ.

ಇಮಾಮಬಿಯನ್ನು ನಾನು ಮೊದಲು ಸರಿಯಾಗಿ ಗಮನಿಸಿದ್ದು ಹತ್ತಿಪೇಟೆಯ ಮೆಟ್ಟಿಲಲ್ಲಿ. ನಲವತ್ತು ದಾಟಿದ ಹೆಂಗಸು. ಹತ್ತೊಂಬತ್ತು ವರ್ಷದಿಂದ ಒಬ್ಬರಿಗೇ ಜತೆಗಾರ್ತಿ. ಆಕೆಯ ಬಿಲ್ಲೆ ಎಷ್ಟು ಸವೆದಿತ್ತೆಂದರೆ ಅದರ ಮೇಲಿನ ನಂಬರನ್ನು ಬೆರಳಿಂದ ಮುಟ್ಟಿಯೇ ತಿಳಿಯಬೇಕಿತ್ತು. ಆಕೆ ಕರೆದೊಯ್ಯುತ್ತಿದ್ದ ಮುರಿಗೆಪ್ಪ ಹುಟ್ಟಾ ಕುರುಡರು. ಅವರ ಮನೆ ಮೆಟ್ಟಿಲ ಬುಡದಲ್ಲಿ, ಕೆಲಸ ಮೆಟ್ಟಿಲ ಮೇಲಿನ ಹತ್ತಿಪೇಟೆಯಲ್ಲಿ. ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿಗಳಲ್ಲಿ ಅರಳೆ ತುಂಬಿದ ಅಂಡಿಗೆಯೊಳಗೆ ಕೈ ಹಾಕಿ, ಒಂದು ಎಸಳು ಎಳೆದು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೊಸೆದು ಅದರ ದರ್ಜೆ ಹೇಳುವುದು ಅವರ ಕಸುಬು. ಮಾರುವವನೂ ಕೊಳ್ಳುವವನೂ ಇಬ್ಬರೂ ಅವರ ಬೆರಳನ್ನು ಒಪ್ಪುತ್ತಿದ್ದರು. ಆ ಬೆರಳಿಗೆ ಯಾವ ಕಚೇರಿಯೂ ಪತ್ರ ಕೊಟ್ಟಿರಲಿಲ್ಲ.

ಅವರಿಬ್ಬರೂ ಹತ್ತುವುದನ್ನು ನೋಡಬೇಕಿತ್ತು. ಇಮಾಮಬಿ ಬುಡದಲ್ಲಿ ನಿಂತು, "ಇವತ್ತ ನಲವತ್ತೊಂಬತ್ತ್ರಿ ಕಾಕಾ" ಎನ್ನುತ್ತಿದ್ದಳು. ಮುರಿಗೆಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಲೆಯೆತ್ತಿ, ತಮ್ಮ ತೋಟ ನೋಡಲು ಹೊರಟ ಗೌಡರ ಹಾಗೆ ಹತ್ತತೊಡಗುತ್ತಿದ್ದರು. ಆಕೆ ಒಂದು ಮೆಟ್ಟಿಲು ಹಿಂದೆ. ದಾರಿಯಲ್ಲಿ ಏನಾದರೂ ಅಡ್ಡ ಬಂದರೆ ಮಾತ್ರ ಬಾಯಿ ಬಿಡುತ್ತಿದ್ದಳು.

"ಹನ್ನೆರಡಕ್ಕ ಕೊಡ ಐತ್ರಿ, ಬಲಕ್ಕ."

"ಯಾರದದು?"

"ನೀಲವ್ವಂದು."

"ಮನ್ನಿ ಅಲ್ಲೇ ಇತ್ತಲ್ಲ. ಆಕಿ ನೀರ ತುಂಬತಾಳೋ, ಕೊಡಾ ಕಾಯಾಕ ಇಡತಾಳೋ?"

"ಹದಿನೇಳಕ್ಕ ನಾಯಿ."

"ಎಚ್ಚರೈತೋ ಮಲಗೇತೋ?"

"ನಿಮ್ಮನ್ನ ನೋಡಿ ಬಾಲಾ ಅಳ್ಳಾಡಸ್ತೈತಿ."

"ಹಂಗಾದ್ರ ಅದಕ್ಕೂ ಒಂದ ಬಿಲ್ಲೆ ಕೊಡಸು."

ನಲವತ್ತೊಂಬತ್ತನೆಯ ಮೆಟ್ಟಿಲಾದ ಮೇಲೆ ಮುರಿಗೆಪ್ಪನವರ ಕಾಲು ಸಮ ನೆಲದ ಮೇಲೆ ಎಷ್ಟು ಸಲೀಸಾಗಿ ಮುಂದೆ ಬೀಳುತ್ತಿತ್ತೆಂದರೆ, ಹೊಸಬರು ಅವರಿಗೆ ಕಣ್ಣಿಲ್ಲವೆಂದರೆ ನಂಬುತ್ತಿರಲಿಲ್ಲ.

ಈಗ ನನ್ನ ವಿಷಯ ಹೇಳಬೇಕು. ನಾನು ಐದೂವರೆಗೆ ಹೊರಟು ಒಂದೊಂದೇ ಸಾಲು ಎಣಿಸುತ್ತ ಹೋಗುತ್ತಿದ್ದೆ. ಹತ್ತನೆಯದು ಬಾವಿ ಮೆಟ್ಟಿಲು. ಅದರ ನಡುವಿನಲ್ಲಿ ನಿಂತರೆ ಇಡೀ ಊರು ಕೆಳಗೆ ಮಲಗಿರುವುದು ಕಾಣುತ್ತದೆ. ಚಳಿ ಶುರುವಾದ ಒಂದು ಬೆಳಿಗ್ಗೆ ದಣಿವಾಗಿ ಅಲ್ಲಿ ಕುಳಿತೆ. ಅಂಥ ಮೌನವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕೋಳಿ ಕೂಗಿ ಮುಗಿದ, ಒಲೆ ಹೊತ್ತುವ ಮುಂಚಿನ, ಯಾರೂ ಯಾರಿಗೂ ಇನ್ನೂ ಏನೂ ಹೇಳದ ಹೊತ್ತು. ಓದಿದ ಪುಸ್ತಕಗಳಲ್ಲಿ ಎಲ್ಲೂ ಸಿಗದ ಏನೋ ಒಂದು ಅಲ್ಲಿ ನನಗಾಗಿಯೇ ಕಾದಿದೆ ಅನ್ನಿಸಿತು. ಎದ್ದಾಗ ಆರೂಮುಕ್ಕಾಲು. ಹನ್ನೊಂದನೆಯ ಸಾಲು, ಹತ್ತಿಪೇಟೆಯದು, ಊರಿನ ಆ ತುದಿಗೆ. ಹೋಗಲು ಹೊತ್ತಿರಲಿಲ್ಲ. ಆ ಸಾಲು ಮೊದಲಿನಿಂದಲೂ ಮಂದ; ತಿಂಗಳಿಗೊಮ್ಮೆ ಬದಲಾದರೆ ಹೆಚ್ಚು. ಹಿಂದಿನ ದಿನದ ಅಂಕಿಯನ್ನೇ ಬರೆದೆ. ಏನೂ ಆಗಲಿಲ್ಲ. ಮರುದಿನವೂ ಕುಳಿತೆ. ಆಮೇಲೆ ಕುಳಿತುಕೊಳ್ಳುವುದಕ್ಕಾಗಿಯೇ ಬೇಗ ಏಳತೊಡಗಿದೆ.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಇಮಾಮಬಿ ಕಚೇರಿಯ ಮೇಜಿನ ಮುಂದೆ ನಿಂತು, "ಹತ್ತಿಪ್ಯಾಟಿ ಐವತ್ತೊಂದ್ರಿ" ಎಂದಳು. ವಹಿಯಲ್ಲಿ ನಲವತ್ತೊಂಬತ್ತು ಎಂದಿತ್ತು. ಕಚೇರಿಯ ಅಧೀಕ್ಷಕ ಕಟಗೇರಿ ಸಾಹೇಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ವಹಿಯನ್ನು ನೋಡಿದೆ. ಆಕೆಯ ಪುಸ್ತಕದಲ್ಲಿ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕೆಂಪು ಶಾಯಿ ಬಿತ್ತು. ಮಾರನೆಯ ದಿನ ನಾನು ಹತ್ತಿಪೇಟೆಗೆ ಹೋದೆ. ಎಣಿಸಿದೆ. ಐವತ್ತೊಂದು. ಆ ರಾತ್ರಿಯೇ ಬೆಳೆಯಿತೆನ್ನುವ ಹಾಗೆ ಐವತ್ತೊಂದು ಎಂದು ಬರೆದೆ. ಆ ಮರುದಿನ ಮತ್ತೆ ಬಾವಿ ಮೆಟ್ಟಿಲಲ್ಲಿ ಕುಳಿತೆ.

ಹತ್ತಿಪೇಟೆಯ ದಾರಿಯಲ್ಲಿ ಓಡಾಡುವ ಜತೆಗಾರರು ಒಟ್ಟು ಐವರು. ಉಳಿದ ನಾಲ್ವರ ಪುಸ್ತಕದಲ್ಲಿ ಆ ದಿನವೂ ಮೊಹರೇ ಬಿದ್ದಿತ್ತು. ಏಕೆಂದರೆ ಅವರು ಮೆಟ್ಟಿಲು ಎಣಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಏಳು ಹೊಡೆಯುವ ಸ್ವಲ್ಪ ಮೊದಲು ಬಂದು ಕಚೇರಿಯ ಜವಾನ ಭೀಮಸಿಗೆ ಎಲೆ ಅಡಿಕೆ ಕೊಟ್ಟು, ವಹಿಯಲ್ಲಿ ಏನಿದೆಯೆಂದು ಕೇಳಿಕೊಂಡು, ಮೇಜಿನ ಮುಂದೆ ಅದನ್ನೇ ಒಪ್ಪಿಸುತ್ತಿದ್ದರು. ಅವರಲ್ಲಿ ಚನ್ನಮಲ್ಲ ಎಂಬವನು ಒಮ್ಮೆ ಬಾಗಿಲ ಬಳಿ ಇಮಾಮಬಿಗೆ ಹೇಳುವುದು ನನಗೆ ಕೇಳಿಸಿತು.

"ಅಲ್ಲಬೇ ಇಮಾಮವ್ವ, ಚಳಿಯಾಗ ಎದ್ದು ಹತ್ತಿ ಇಳಿಯೂ ಬದಲಿ ಭೀಮಸಿಗೆ ನಾಕ ಎಲಿ ಕೊಡಾಕ ಏನ ಧಾಡಿ ನಿನಗ?"

"ನಮ್ಮ ಕಾಕಾ ಹತ್ತೂದು ಭೀಮಸಿ ಬಾಯೊಳಗಿನ ಮೆಟ್ಟಲಾ ಅಲ್ಲೋ ತಮ್ಮಾ."

"ಕೆಂಪ ಶಾಯಿ ಬಿದ್ದದ್ದ ಯಾರ ಪುಸ್ತಕದಾಗ? ನಂದರಾಗೇನು?"

ಆಕೆ ಪುಸ್ತಕವನ್ನು ಸೆರಗಿನೊಳಗೆ ಸುತ್ತಿಕೊಂಡು ಹೊರಟಳು. ಅವನ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇತ್ತು. ನಾನು ಒಳಗೆ ದೌತಿಗೆ ಶಾಯಿ ತುಂಬುತ್ತಿದ್ದೆ.

ಎರಡನೆಯ ತಪ್ಪು ಸಂಕ್ರಾಂತಿಯ ಹೊತ್ತಿಗೆ ಬಿತ್ತು, ಮೂರನೆಯದು ಅದಾದ ಮೂರು ವಾರಕ್ಕೆ. ಎರಡು ಸಲವೂ ನಾನು ಮರುದಿನ ಹೋಗಿ ಎಣಿಸಿದೆ, ಎರಡು ಸಲವೂ ಆಕೆಯ ಅಂಕಿಯೇ ಸರಿಯಿತ್ತು. ಇಷ್ಟಾದರೂ ನನ್ನನ್ನು ನಾನು ಸುಳ್ಳುಗಾರನೆಂದು ಎಣಿಸಿರಲಿಲ್ಲ. ನಾನು ಯಾರಿಗೂ ಏನೂ ಸುಳ್ಳು ಹೇಳಿರಲಿಲ್ಲ, ಸುಮ್ಮನಿದ್ದೆ, ಅಷ್ಟೇ. ಸುಮ್ಮನಿರುವುದು ಒಂದು ಗುಣವೆಂದು ನಂಬಿ ಬೆಳೆದವನು ನಾನು.

ಮೂರನೆಯ ತಪ್ಪು ಬಿದ್ದ ದಿನ ಕಟಗೇರಿ ಸಾಹೇಬರು ಇಮಾಮಬಿಯ ಬಿಲ್ಲೆಯನ್ನು ಮೇಜಿನ ಮೇಲೆ ಇಡಿಸಿಕೊಂಡರು. ಶುಕ್ರವಾರ ವಿಚಾರಣೆ, ಅಲ್ಲಿಯವರೆಗೆ ಮುರಿಗೆಪ್ಪನವರಿಗೆ ಚನ್ನಮಲ್ಲನೇ ಜತೆಗಾರ ಎಂದು ಆದೇಶವಾಯಿತು. ಆ ಕಾಗದಕ್ಕೆ ಮುರಿಗೆಪ್ಪನವರ ಹೆಬ್ಬೆಟ್ಟು ಹಾಕಿಸಿಕೊಂಡು ಬರಲು ಮರುದಿನ ನನ್ನನ್ನೇ ಕಳಿಸಿದರು.

ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಬಾಯಿ ಬಿಡುವ ಮೊದಲೇ, "ಬರ್ರಿ ಬಿ.ಎ. ಸಾಹೇಬ್ರ. ಅಂತೂ ಈ ಕಡೆ ಬಂದ್ರಿ" ಎಂದರು.

ಕಾಗದವನ್ನು ಓದಿ ಹೇಳಿದೆ. ಹೆಬ್ಬೆಟ್ಟು ಹಾಕುವುದಿಲ್ಲ ಎಂದರು. "ಚನ್ನಮಲ್ಲ ಚಲೋ ಹುಡುಗ. ಹಾಡು ಚಲೋ ಹೇಳತಾನ. ಮೆಟ್ಟಲಾ ಹೇಳೂದಿಲ್ಲ."

"ಆದೇಶ ಆಗಿದೆ" ಎಂದೆ.

"ಆಗ್ಲಿ." ಕಟ್ಟೆಯ ಮೇಲೆ ಸರಿದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಹೇಳಿದರು. "ನಾ ಐದಕ್ಕ ಎದ್ದು ಈ ಕಟ್ಟಿಗೆ ಬಂದು ಕುಂಡ್ರತೇನ್ರಿ. ಪ್ಯಾಟಿ ಸುರು ಆಗೂತನಕ ನನಗೇನ ಕೆಲಸ? ರಾಚಯ್ಯನವ್ರು ದಿನಾ ಕೆಮ್ಮಕೋತ ಹತ್ತತಿದ್ರು. ಅವರ ಕೆಮ್ಮು ಮ್ಯಾಲ ಹೋಗೂದು, ಕೆಳಗ ಬರೂದು. ಅವರ ಹಿಂದಿಂದ ನಮ್ಮ ಇಮಾಮಬಿ. ಅವರು ಹೋದಮ್ಯಾಲ ಹೊಸಾ ಚಪ್ಪಲಿ ಸಪ್ಪಳಾ ಕೇಳಾಕ ಹತ್ತಿದೆ. ಅದು ನಿಮ್ಮದು. ಚಳಿ ಬಿದ್ದಮ್ಯಾಲ ಅದು ನಿಂತ ಹೋತು. ಮೂರ ಸಲಾ ಮಾತ್ರ ಕೇಳೇನಿ. ಯಾವ್ಯಾವತ್ತ ಅಂತ ನಿಮಗ ಗೊತ್ತು."

ನಾನು ಕೈಯಲ್ಲಿದ್ದ ಕಾಗದವನ್ನು ಮಡಿಸಿದೆ. ಅದನ್ನೂ ಅವರು ಕೇಳಿಸಿಕೊಂಡಿರಬೇಕು.

"ಇದನ್ನ ಇಮಾಮಬಿಗೆ ಹೇಳಿದೀರಾ?"

"ಇಲ್ಲ. ಹೇಳಿದ್ರ ಆಕಿ ಕಚೇರಿಯೊಳಗ ನಿಂತು ಬಾಯಿ ಮಾಡತಾಳ. ನಿಮ್ಮ ಕಾಯ್ದೆ ನನಗ ಗೊತ್ತೈತಿ. ಸೇವೆ ತಗೊಳ್ಳವ್ರ ಸಾಕ್ಷಿ ನಡೆಯೂದಿಲ್ಲ. ನನ್ನ ಮಾತ ಕುರುಡನ ಮಾತು ಅಂತ ತಗದ ಒಗೀತೀರಿ, ಆಕೀಗೆ ಸುಳ್ಳ ಬುರುಕಿ ಅಂತ ಇನ್ನೊಂದ ಹೆಸರು ಬರತೈತಿ. ಹೇಳೂದಿದ್ರ ನೀವ ಹೇಳಬೇಕು." ಆಮೇಲೆ, "ಚಾ ತಗೋತೀರೇನು?" ಎಂದರು.

ಬೇಡವೆಂದು ಎದ್ದು ಬಂದೆ.

ಶುಕ್ರವಾರದ ವಿಚಾರಣೆ ಅರ್ಧ ಗಂಟೆಯೂ ನಡೆಯಲಿಲ್ಲ. ಇಮಾಮಬಿ ಸೆರಗು ಹೊದ್ದು ಮೇಜಿನ ಮುಂದೆ ನಿಂತಿದ್ದಳು. ಮುರಿಗೆಪ್ಪನವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಕಟಗೇರಿ ಸಾಹೇಬರು ಕೆಟ್ಟವರಲ್ಲ. ಕಾಗದದಲ್ಲಿ ಇಲ್ಲದ್ದು ಅವರಿಗೆ ಕಾಣುತ್ತಿರಲಿಲ್ಲ, ಅಷ್ಟೇ.

"ನೋಡಬೇ, ಅವತ್ತ ಹತ್ತಿಪ್ಯಾಟಿ ದಾರಿ ಐದು ಮಂದಿ ಎಣಿಸೀರಿ. ನಾಕು ಮಂದಿ ವಹಿಗೆ ಸರಿಯಾಗಿ ಹೇಳ್ಯಾರ. ನೀನೊಬ್ಬಾಕಿ ಬ್ಯಾರೆ ಹೇಳೀದಿ. ಒಂದ ಸಲ ಅಲ್ಲ, ಮೂರ ಸಲ. ನಾ ಏನಂತ ತಿಳಕೋಬೇಕು?"

"ನಾ ಎರಡೆರಡ ಸಲಾ ಎಣಿಸೇನ್ರಿ ಸಾಹೇಬ್ರ."

"ಪುರಾವೆ?"

"ಅವತ್ತಿನ ಮೆಟ್ಟಲಾ ಇವತ್ತ ಎಲ್ಲಿಂದ ತರ್ಲ್ರಿ?"

ಭೀಮಸಿ ನಕ್ಕ. ಸಾಹೇಬರು ನಗಲಿಲ್ಲ. "ಹೋಗ್ಲಿ. ತಪ್ಪು ಬಿದ್ದ ದಿನ ನೀನು ಮುರಿಗೆಪ್ಪನವರಿಗೆ ಯಾವ ಅಂಕಿ ಹೇಳೀದಿ?"

"ಇದ್ದದ್ದ ಹೇಳೇನಿ."

"ವಹಿದು ಹೇಳಬೇಕಿತ್ತು. ನಿಯಮ ಐತಿ."

"ವಹಿದು ಹೇಳಿದ್ರ ಕಾಕಾ ಬೀಳತಿದ್ರು." ಆಕೆಯ ದನಿ ಮೊದಲ ಸಲ ಏರಿತು. "ಬೀಳಸಲಿಲ್ಲಂತ ಬಿಲ್ಲೆ ಕಸಗೋತೀರೇನ್ರಿ? ನಮ್ಮಪ್ಪನೂ ಇದ ಕೆಲಸಾ ಮಾಡಿದಾಂವ. ಮುಚ್ಚಳಿಕಿಯೊಳಗ ಏನ್ ಬರಸ್ಕೊಂಡೀರಿ? ನನ್ನ ಕೈಯಿಂದ ಯಾರೂ ಬಿದ್ದಿಲ್ಲ ಅಂತ. ಹತ್ತೊಂಬತ್ತ ವರ್ಷಾತು, ಬಿದ್ದಾರೇನು ಕೇಳ್ರಿ ಹೊರಗ ಕುಂತವರನ್ನ."

"ಅವರನ್ನ ಕೇಳಾಕ ಬರೂದಿಲ್ಲ" ಎಂದು ಸಾಹೇಬರು ನನ್ನ ಕಡೆ ತಿರುಗಿದರು. "ಎಣಿಕೆದಾರರು ಏನಂತೀರಿ? ವಹಿ ಸರಿ ಐತಿ?"

ಕಿಟಕಿಯಿಂದ ಬೆಂಚಿನ ಮೇಲಿನ ಮುರಿಗೆಪ್ಪನವರ ಬೆನ್ನು ಕಾಣುತ್ತಿತ್ತು. ಅವರು ತಲೆಯನ್ನು ಸ್ವಲ್ಪ ಓರೆ ಮಾಡಿದರು. ಕೋಣೆಯಲ್ಲಿ ಮೌನವಿತ್ತು. ಬಾವಿ ಮೆಟ್ಟಿಲ ಮೌನ ಎಲ್ಲರಿಗೂ ಸೇರಿದ್ದು. ಇದು ನನ್ನೊಬ್ಬನದು, ಇದನ್ನು ತುಂಬಬೇಕಾದವನೂ ನಾನೊಬ್ಬನೇ. ಎಷ್ಟು ಹೊತ್ತು ಕಳೆಯಿತೋ ತಿಳಿಯದು. ಸಾಹೇಬರು "ಸರಿ" ಎಂದು ತಾವೇ ಹೇಳಿಕೊಂಡು ಬರೆಯತೊಡಗಿದರು. ನಾನು ಹೌದು ಎನ್ನಲಿಲ್ಲ, ಇಲ್ಲವೆನ್ನಲಿಲ್ಲ. ಇಮಾಮಬಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಒಂದು ಮೆಟ್ಟಿಲು ಗಟ್ಟಿಯಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ.

ಬಿಲ್ಲೆ ಕಪಾಟಿನೊಳಗೆ ಹೋಯಿತು. ಬೀಗ ಹಾಕಿದ್ದು ನಾನೇ.

ಮುರಿಗೆಪ್ಪ ಚನ್ನಮಲ್ಲನ ಜತೆ ಹೋಗಲಿಲ್ಲ. ಬಿಲ್ಲೆ ಇಲ್ಲದವರು ಕುರುಡರ ಕೈ ಹಿಡಿಯಬಾರದೆಂದು ನಮ್ಮೂರಲ್ಲಿ ನಿಯಮವಿಲ್ಲ, ಮನೆಯಲ್ಲಾಗಲಿ ಮೆಟ್ಟಿಲಲ್ಲಾಗಲಿ ಅವರಿಗೆ ಅಂಕಿ ಹೇಳಬಾರದೆಂದಷ್ಟೇ ಇದೆ. ಹಾಗಾಗಿ ಸೋಮವಾರದಿಂದ ಇಮಾಮಬಿ ಅವರ ಕೈ ಹಿಡಿದು ಕರೆದೊಯ್ಯತೊಡಗಿದಳು. ಸುದ್ದಿ ಊರಿಗೆಲ್ಲ ಹಬ್ಬಿತು. ನಾನೂ ನೋಡಲು ಹೋದೆ. ಮೆಟ್ಟಿಲ ಬುಡದಲ್ಲಿ ಆಕೆ ಎಂದಿನ ಹಾಗೆ ನಿಂತಳು. ತುಟಿ ಬಿಚ್ಚಿದಳು, ಮತ್ತೆ ಮುಚ್ಚಿಕೊಂಡಳು. ಮುರಿಗೆಪ್ಪ ಬೆನ್ನ ಹಿಂದಿನ ಕೈ ಬಿಚ್ಚಿ ಆಕೆಯ ಮೊಣಕೈ ಹುಡುಕಿದರು. ಹತ್ತತೊಡಗಿದರು. ಅರವತ್ತರ ಹತ್ತಿರದ ಆ ಮನುಷ್ಯ ಹೊಸದಾಗಿ ನಡೆಯಲು ಕಲಿತವರ ಹಾಗೆ ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಕೂಡಿಸಿ ನಿಲ್ಲುತ್ತಿದ್ದರು. ಕೊಡದ ಬಗ್ಗೆ, ನಾಯಿಯ ಬಗ್ಗೆ ಒಂದು ಮಾತೂ ಇಲ್ಲ. ಬಾಳೆಹಣ್ಣಿನವಳು ವ್ಯಾಪಾರ ನಿಲ್ಲಿಸಿ ನೋಡುತ್ತಿದ್ದಳು. ಕೊನೆಯ ಮೆಟ್ಟಿಲು ಮುಗಿದು ಸಮ ನೆಲ ಬಂದಾಗ ಇಮಾಮಬಿ ಅವರ ಕೈ ಒತ್ತಿದಳು. ಆದರೆ ಅಷ್ಟರಲ್ಲಿ ಅವರ ಕಾಲು ಎದ್ದಿತ್ತು. ಇಲ್ಲದ ಮೆಟ್ಟಿಲಿಗಾಗಿ ಎದ್ದ ಪಾದ ಗಾಳಿಯಲ್ಲಿ ಒಂದು ಕ್ಷಣ ನಿಂತು, ದೊಪ್ಪನೆ ನೆಲಕ್ಕೆ ಬಡಿಯಿತು. ಅವರು ಬೀಳಲಿಲ್ಲ. ಆಕೆ ಹಿಡಿದುಕೊಂಡಳು. ಆದರೆ ಪೇಟೆಯ ಜನ ನೋಡುತ್ತಿದ್ದರು, ಆ ನೋಟ ತಮಗೆ ಗೊತ್ತಾಯಿತೆನ್ನುವ ಹಾಗೆ ಮುರಿಗೆಪ್ಪ ತಲೆ ತಗ್ಗಿಸಿದರು. ಅವರು ತಲೆ ತಗ್ಗಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮರುದಿನ ನಾನು ಬಾವಿ ಮೆಟ್ಟಿಲಲ್ಲಿ ಕುಳಿತೆ. ಅದೇ ಹೊತ್ತು, ಅದೇ ಚಳಿ. ಆದರೆ ಆ ಮೌನ ಅಲ್ಲಿರಲಿಲ್ಲ. ದೊಪ್ಪನೆ ಬಡಿದ ಆ ಕಾಲಿನ ಸದ್ದು ಮಾತ್ರ ಇತ್ತು. ಎದ್ದು ಹತ್ತಿಪೇಟೆಗೆ ನಡೆದೆ. ಕಟ್ಟೆಯ ಮೇಲೆ ಮುರಿಗೆಪ್ಪ ಕುಳಿತಿದ್ದರು. ಮೆಟ್ಟಿಲ ಮೂಲೆಗಳಲ್ಲಿ ಪೇಟೆಯಿಂದ ಹಾರಿ ಬಂದ ಅರಳೆಯ ಚೂರುಗಳು ಇಬ್ಬನಿಗೆ ಅಂಟಿಕೊಂಡಿದ್ದವು. ಎಣಿಸುತ್ತ ಹತ್ತಿದೆ. ಮೇಲೆ ಹೋದವನು ನಂಬಿಕೆ ಸಾಲದೆ ಎಣಿಸುತ್ತ ಇಳಿದೆ. ನಲವತ್ತೇಳು. ಕಚೇರಿಗೆ ಬಂದು ವಹಿ ತೆರೆದು ಆ ಅಂಕಿ ಬರೆದೆ. ಅದರ ಕೆಳಗೆ, ನಾನು ಹತ್ತಿಪೇಟೆಯ ಮೆಟ್ಟಿಲು ಹತ್ತದೆ ಅಂಕಿ ಬರೆದ ದಿನಗಳ ತಾರೀಖುಗಳನ್ನು ಒಂದೊಂದಾಗಿ ಬರೆಯತೊಡಗಿದೆ. ಎರಡು ಪುಟವಾಯಿತು. ಅರವತ್ತೊಂದು ದಿನ.

ಏಳು ಗಂಟೆಗೆ ಜತೆಗಾರರು ಬಂದರು. ಇಮಾಮಬಿಯೂ ಬಂದಿದ್ದಳು. ಬಿಲ್ಲೆ ಇಲ್ಲದವರು ಒಳಗೆ ಬರುವಂತಿಲ್ಲವೆಂದು ಹೊಸ್ತಿಲ ಹೊರಗೆ ನಿಂತಿದ್ದಳು. ಹತ್ತೊಂಬತ್ತು ವರ್ಷದ ರೂಢಿ ಆಕೆಯನ್ನು ಇಲ್ಲಿಗೆ ಎಳೆದು ತಂದಿರಬೇಕು. ಕಟಗೇರಿ ಸಾಹೇಬರು ಮೊಹರು ಕೈಗೆತ್ತಿಕೊಂಡಾಗ ನಾನು ಎದ್ದು ನಿಂತು ಆ ಎರಡು ಪುಟ ಓದಿದೆ. ಓದುವುದು ಬಹಳ ಹೊತ್ತು ಹಿಡಿಯಿತು. ಅರವತ್ತೊಂದು ತಾರೀಖುಗಳನ್ನು ನಿಧಾನವಾಗಿ ಓದಿದರೆ ಎಷ್ಟು ಹೊತ್ತಾಗುತ್ತದೆಂದು ಓದಿದವರಿಗೇ ಗೊತ್ತು.

ಸಾಹೇಬರು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. "ನಿಮಗ ತಲಿ ನೆಟ್ಟಗ ಐತೇನ್ರಿ? ಆಕಿ ಮೂರ ದಿನದ ತಪ್ಪು ಅಷ್ಟ ಹೊಡದ ಹಾಕೋಣು. ನೆದರ ತಪ್ಪಿ ಬರದೆ ಅಂತ ಒಂದ ಸಾಲ ಬರದ ಕೊಡ್ರಿ. ಉಳದದ್ದ ಯಾಕ ಕೆದರತೀರಿ?"

"ಉಳಿದದ್ದನ್ನೂ ನಾನೇ ಬರೆದದ್ದು ಸಾರ್."

"ಇದರ ಅರ್ಥ ಏನ್ ಆಗತೈತಿ ಗೊತ್ತೈತಿ? ಇಲ್ಲದ ಅಂಕಿನ ನಾಕು ಮಂದಿ ಎಣಿಸಿಕೊಂಡ ಬಂದಾರ ಅಂತ ಆಗತೈತಿ. ಅದಕ್ಕ ನಾ ಮೊಹರ ಹೊಡದೇನಿ ಅಂತ ಆಗತೈತಿ."

"ಹೌದು ಸಾರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಅಂಗೈಯಿಂದ ಮುಖ ಒರೆಸಿಕೊಂಡರು. ವಹಿಯಲ್ಲಿ ಶಾಯಿಯಿಂದ ಬರೆದದ್ದನ್ನು ಅಳಿಸುವಂತಿಲ್ಲ, ಹರಿಯುವಂತಿಲ್ಲ. ಅದು ಅವರೇ ನನಗೆ ಮೊದಲ ದಿನ ಕಲಿಸಿದ ನಿಯಮ. ಕನ್ನಡಕ ಮತ್ತೆ ಹಾಕಿಕೊಂಡು, "ಕೀಲಿ ತರ್ರಿ" ಎಂದರು.

ಕಪಾಟು ತೆರೆದು ಬಿಲ್ಲೆ ತೆಗೆದೆ. ಅದನ್ನು ಹೊಸ್ತಿಲವರೆಗೆ ಒಯ್ದು ಕೊಡಬೇಕಾದವನೂ ನಾನೇ ಆದೆ. ಇಮಾಮಬಿ ಎರಡೂ ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಎಂದಿನ ಜಾಗದಲ್ಲಿ ಚುಚ್ಚಿಕೊಂಡಳು. ಏನಾದರೂ ಅನ್ನುತ್ತಾಳೆಂದು ಕಾದೆ. ಬಯ್ಯಲಿ ಎಂದೇ ಕಾದೆ. ಆಕೆ ಕೇಳಿದ್ದು ಇಷ್ಟೇ.

"ಇವತ್ತ ವ‌ಹಿಯೊಳಗ ಎಷ್ಟ ಬರದೀರಿ?"

"ನಲವತ್ತೇಳು."

ಆಕೆ ತಲೆಯಾಡಿಸಿದಳು. "ಸರಿ ಐತಿ" ಎಂದು ಮೆಟ್ಟಿಲ ಕಡೆ ಹೊರಟುಹೋದಳು. ಬಿಲ್ಲೆ ಇಲ್ಲದ ಆ ದಿನವೂ ಆಕೆ ಎಣಿಸಿಕೊಂಡೇ ಬಂದಿದ್ದಳು.

ನಾಲ್ವರ ಬಿಲ್ಲೆ ಅಮಾನತ್ತಿನಲ್ಲಿಟ್ಟು ಹೊಸದಾಗಿ ಪರೀಕ್ಷೆ ಮಾಡಿದರು. ಮೂವರು ತೇರ್ಗಡೆಯಾದರು. ಚನ್ನಮಲ್ಲ ಪರೀಕ್ಷೆಗೆ ಬರಲಿಲ್ಲ. ಎಲ್ಲಿಯಾದರೂ ಎದುರಾದರೆ, "ಏನ್ರಿ ಬಿ.ಎ. ಸಾಹೇಬ್ರ, ಮುಂಜಾನಿ ಕುಂಡ್ರಾಕ ಜಾಗಾ ಸಿಕ್ತಿಲ್ಲೋ?" ಎನ್ನುತ್ತಾನೆ. ನಾನು ತಲೆ ತಗ್ಗಿಸುತ್ತೇನೆ. ಭೀಮಸಿಯನ್ನು ಗೋದಾಮಿಗೆ ಹಾಕಿದರು. ನನ್ನನ್ನು ಕೆಲಸದಿಂದ ತೆಗೆದರು. ಎಣಿಕೆಗೆ ರಾಚಯ್ಯನವರನ್ನೇ ಮತ್ತೆ ಕರೆಸಿದ್ದಾರೆ. ಬೆಳಿಗ್ಗೆ ಅವರ ಕೆಮ್ಮು ಹನ್ನೊಂದು ಸಾಲುಗಳಲ್ಲೂ ಹತ್ತಿ ಇಳಿಯುವುದು ಹಾಸಿಗೆಯಲ್ಲಿ ಮಲಗಿರುವ ನನಗೆ ಕೇಳಿಸುತ್ತದೆ.

ಈಗ ಹತ್ತಿಪೇಟೆಯ ಒಂದು ಅಂಗಡಿಯಲ್ಲಿ ಪತ್ರ ಬರೆಯುವ ಕೆಲಸ ಸಿಕ್ಕಿದೆ. ಅಂಗಡಿ ತೆರೆಯುವ ಮುಂಚೆ ಮೆಟ್ಟಿಲಲ್ಲಿ ಕುಳಿತಿರುತ್ತೇನೆ. ಅಂಕಿ ಹೇಳುವ ಹಕ್ಕು ನನಗಿಲ್ಲ. ಏಳೂವರೆಗೆ ಅವರಿಬ್ಬರೂ ಬುಡದಲ್ಲಿ ಕಾಣಿಸಿಕೊಳ್ಳುತ್ತಾರೆ. ಆಕೆ ಒಟ್ಟು ಎಷ್ಟೆಂದು ಹೇಳುವುದು ಮೇಲಿನವರೆಗೂ ಕೇಳಿಸುತ್ತದೆ. ಮುರಿಗೆಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ, ತಲೆ ಎತ್ತುತ್ತಾರೆ. ನೀಲವ್ವನ ಕೊಡ ದಾಟುತ್ತಾರೆ, ನಾಯಿಯನ್ನು ದಾಟುತ್ತಾರೆ. ನನ್ನ ಹತ್ತಿರ ಬರುವಾಗ ಇಮಾಮಬಿಯ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

"ಮೂವತ್ತಕ್ಕ ಒಬ್ಬರು ಕುಂತಾರ್ರಿ, ಎಡಕ್ಕ ಬರ್ರಿ."

"ಗೊತ್ತೈತಿ" ಎನ್ನುತ್ತಾರೆ ಮುರಿಗೆಪ್ಪ.

ಅವರು ಎಡಕ್ಕೆ ಸರಿಯುತ್ತಾರೆ. ಅವರ ಪಂಚೆಯ ಅಂಚು ನನ್ನ ಭುಜಕ್ಕೆ ತಾಗಿ ಮೇಲೆ ಹೋಗುತ್ತದೆ. ಉಳಿದ ಮೆಟ್ಟಿಲುಗಳನ್ನು ನಾನು ತುಟಿ ಬಿಚ್ಚದೆ ಅವರ ಹೆಜ್ಜೆಯ ಸದ್ದಿನಲ್ಲಿ ಎಣಿಸುತ್ತೇನೆ. ಕೊನೆಯದರ ಮೇಲೆ ಕಾಲಿಟ್ಟ ಆ ಸದ್ದು ತಡೆಯಿಲ್ಲದೆ ಸಮ ನೆಲಕ್ಕೆ ಇಳಿದು ಮುಂದೆ ನಡೆದುಹೋಗುವವರೆಗೂ ಉಸಿರು ಬಿಡುವುದಿಲ್ಲ.